ಸ್ಪೆಕ್ಟ್ರಮ್ಮಿನ ತೂಕ

“ಸ್ವಲ್ಪ ಪಕ್ಕಕ್ಕೆ ಬಾ ಅಕ್ಕಾ, ಫ್ರೇಮಲ್ಲಿ ಬರ್ತಿದ್ದೀಯ.”

ಹಾರ ಸರಿಮಾಡುತ್ತಿದ್ದ ಅಂಜನಾ ತಲೆಯೆತ್ತಿದಳು. ಚಿಕ್ಕಪ್ಪನ ಮಗ ಮೋಹಿತ್, ಅವಳ ಅಪ್ಪನ ಹಳೆಯ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಶವದ ಫ್ರೀಜರಿನ ಗಾಜಿನ ಮೇಲಿಟ್ಟು ವಿಡಿಯೊ ಮಾಡುತ್ತಿದ್ದ. ಗಾಜಿನ ಕೆಳಗೆ ಅಪ್ಪ ಭೀಮರಾಯರ ಮೂಗಿಗೆ ಹತ್ತಿ ತುರುಕಿತ್ತು.

“ತೆಗಿಯೋ ಅದನ್ನ.”

“ಒಂದ್ನಿಮಿಷ. ಹಳೇ ಗೇಮ್ಸ್ ಗ್ರೂಪಲ್ಲಿ ಎಲ್ಲಾ ಕಾಯ್ತಿದಾರೆ. ದೊಡ್ಡಪ್ಪ ಲೆಜೆಂಡ್, ಗೊತ್ತಾ?”

“ಲೆಜೆಂಡಂತೆ! ನಿಮ್ಮಪ್ಪ ಇದನ್ನ ಬೊಂಬೆ ಪೆಟ್ಟಿಗೆ ಅಂತಿದ್ದಿದ್ದು ಮರೆತೋಯ್ತಾ?”

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಬೈರಣ್ಣ ಕೆಮ್ಮಿದರು. “ಆಗ ಅಂದಿದ್ದು ಬಿಡಮ್ಮ. ಅಣ್ಣ ಹೇಳಿದಾನಲ್ಲ, ನನ್ ಜೊತೆಗೇ ಗುಂಡಿಗೆ ಹಾಕಿ ಅಂತ. ತಾತಂಗೆ ಬೀಡಿ ಕಟ್ಟು ಇಟ್ವಿ, ಅವ್ವಂಗೆ ಎಲೆಅಡಿಕೆ ಚೀಲ. ಇವನಿಗೆ ಇದು.”

“ಮಣ್ಣಿಗಾ?” ಮೋಹಿತ್ ಧ್ವನಿ ಏರಿತು. “ಫಾರಿನ್ನಲ್ಲಿ ಇದನ್ನೇ ಮತ್ತೆ ಹೊಸದಾಗಿ ಮಾಡಿ ಮಾರ್ತಿದಾರೆ ಅಪ್ಪಾ! ಜನ ಮುಗಿಬೀಳ್ತಿದಾರೆ!”

ಗೋಡೆಗೊರಗಿ ಕೂತಿದ್ದ ಅಮ್ಮ ಸರಸ್ವತಿ ಕಣ್ಣು ತೆರೆಯದೆಯೇ ಹೇಳಿದರು: “ಇದೊಂದಾದ್ರೂ ಅವರ ಮಾತು ನಡೀಲಿ.”

ಮೋಹಿತ್ ಸುತ್ತ ನೋಡಿದ. “ಆಯ್ತು ದೊಡ್ಡಮ್ಮ. ಧೂಳು ಹಿಡಿದಿದೆ, ಒರೆಸ್ಕೊಂಡು ಬರ್ತೀನಿ,” ಎಂದು ಅದನ್ನೂ ತನ್ನ ಬ್ಯಾಗನ್ನೂ ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

*

ಆ ಕಂಪ್ಯೂಟರು ಬನಶಂಕರಿಯ ಈ ಮನೆಗೆ ಬಂದಾಗ ಅಂಜನಾಗೆ ಏಳು ವರ್ಷ. ಕ್ಯಾಸೆಟ್ಟಿನಿಂದ ಅದಕ್ಕೆ ಆಟ ಏರುವಾಗ ಟೇಪ್‌ರೆಕಾರ್ಡರು ಗಂಟಲು ಹರಿಯುವಂತೆ ಕಿರುಚುತ್ತಿತ್ತು. ಆಟ ಕೆಟ್ಟೀತೆಂದು ಆಗ ಯಾರೂ ಓಡಾಡಕೂಡದು, ಅಮ್ಮ ಮಿಕ್ಸಿ ಹಾಕಕೂಡದು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಅಪ್ಪ ತಾನೇ ಒಂದು ಆಟ ಬರೆದಿದ್ದರು: ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಚುಕ್ಕೆಗಳ ಪುಟ್ಟ ಮನುಷ್ಯನೊಬ್ಬ ಬಸ್ಸಿನ ಹಿಂದೆ ಓಡುವುದು.

“ಬಸ್ ನಿಲ್ಲೋದೇ ಇಲ್ವಲ್ಲಪ್ಪ?”

“ನಮ್ ಬಸ್ಸು ಯಾವತ್ತು ನಿಂತಿದೆ? ಓಡು!”

ಕೀಬೋರ್ಡಿನೊಳಗೇ ಅಡಗಿದ್ದ ಇಡೀ ಕಂಪ್ಯೂಟರು ಅವಳ ತೊಡೆಯ ಮೇಲಿರುತ್ತಿತ್ತು. ಬೆಕ್ಕಿನ ಮರಿಯಷ್ಟು ಭಾರ, ಅಷ್ಟೇ ಬಿಸಿ.

*

ಕಳೆದ ವರ್ಷ ಮೋಹಿತ್ ಅಪ್ಪನನ್ನು ಜೆ.ಪಿ. ನಗರದ ಒಂದು ಹಾಲಿಗೆ ಕರೆದೊಯ್ದಿದ್ದ. ಹಳೆಯ ಆಟಗಳ ಅಭಿಮಾನಿಗಳ ಕೂಟ. ಅಂಜನಾ ಜೊತೆಗಿದ್ದಳು. ಶಾಲು ಹೊದಿಸಿದರು. “ಇದನ್ನ ಡಿಸ್ಕವರ್ ಮಾಡಿದ್ದು ನಾನೇ,” ಎಂದು ಮೋಹಿತ್ ಮೈಕಿನಲ್ಲಿ ಹೇಳಿದ. ಸೆಲ್ಫಿಗೆ ಸಾಲು ನಿಂತಿತು. ಅಪ್ಪ ಮೇಜಿನ ಮೇಲಿಟ್ಟಿದ್ದ ಸ್ಪೆಕ್ಟ್ರಮ್ಮಿನ ರಬ್ಬರ್ ಕೀಲಿಗಳ ಮೇಲೆ ಬೆರಳಿಟ್ಟು, ಬಸ್ಸಿನ ಆಟದ ಬಗ್ಗೆ ಯಾರಾದರೂ ಕೇಳುತ್ತಾರೆಂದು ಕಾದು ಕೂತಿದ್ದರು.

“ಅಂಕಲ್, ಕೈ ಸ್ವಲ್ಪ ತೆಗೀರಿ. ಕೀಬೋರ್ಡ್ ಕಾಣ್ತಿಲ್ಲ.”

ಅಪ್ಪ ಕೈ ತೆಗೆದರು. ಮನೆಗೆ ಬಂದವರೇ ಶಾಲನ್ನು ಮಡಚಿಟ್ಟು, “ನಾನು ಹೋದಾಗ ನನ್ ಜೊತೆಗೇ ಹೂತ್ಬಿಡಿ ಅದನ್ನ. ಅಂಜೂ, ಮಾತು ಕೊಡು,” ಎಂದರು. ಅವಳು ಕೊಟ್ಟಿದ್ದಳು.

*

ಉತ್ತರಹಳ್ಳಿಯಲ್ಲಿ ಮನೆತನದ ಜಮೀನೆಲ್ಲ ಲೇಔಟ್ ಆಗಿ, ಗೋರಿಗಳಿಗೆಂದು ಒಂದು ಪಟ್ಟಿ ಮಾತ್ರ ಉಳಿದಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಕೊಳಚೆ ನೀರು, ಅಪ್ಪನಿಗೆಂದು ತೋಡಿದ್ದ ಗುಂಡಿಯ ಗೋಡೆಗೆ ಜಿನುಗಿ ನಾರುತ್ತಿತ್ತು. ಬಾಲ್ಕನಿಯೊಂದರಲ್ಲಿ ಯಾರೋ ಮೂಗು ಮುಚ್ಚಿಕೊಂಡೇ ನೋಡುತ್ತಿದ್ದರು.

ದೇಹ ಇಳಿಸಿದ ಮೇಲೆ ಮೋಹಿತ್ ಸ್ಪೆಕ್ಟ್ರಮ್ಮನ್ನು ತಂದು ಅಂಜನಾಳ ಕೈಗಿತ್ತ. ಅವಳ ಅಂಗೈಗಳು ಭಾರಕ್ಕೆ ಸಿದ್ಧವಾಗಿದ್ದವು. ಬರಿಯ ಸಿಪ್ಪೆ ಹಿಡಿದಂತಾಯಿತು. ತಳದ ತಿರುಪುಗಳ ಸುತ್ತ ಹೊಸ ಗೀರುಗಳಿದ್ದವು.

“ಇದೇನೋ ಇಷ್ಟು ಹಗುರ?”

“ಆಗಿನ ಕಾಲದ್ದು ಅಷ್ಟೇ ತೂಕ ಅಕ್ಕಾ.” ಅವನು ಅವಳ ಮುಖ ನೋಡಲಿಲ್ಲ.

ಅವಳು ಆ ಗೀರುಗಳ ಮೇಲೆ ಬೆರಳಾಡಿಸಿ ತಲೆಯೆತ್ತಿದಳು. ಅಮ್ಮ ಅವಳನ್ನೇ ನೋಡುತ್ತಿದ್ದರು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅಂಜನಾ ಮಂಡಿಯೂರಿ ಆ ಖಾಲಿ ಡಬ್ಬಿಯನ್ನು ಅಪ್ಪನ ಎದೆಯ ಮೇಲಿಟ್ಟಳು.

ಒಬ್ಬೊಬ್ಬರೇ ಮಣ್ಣು ಹಾಕಿದರು. ಮೋಹಿತನ ಸರದಿ ಬಂತು. ಎದೆಗೆ ತಗುಲಿಸಿಕೊಂಡಿದ್ದ ಬ್ಯಾಗನ್ನು ಅವನು ಬಲಗೈಯಿಂದ ತಬ್ಬಿಕೊಂಡಿದ್ದ.

“ಬ್ಯಾಗ್ ಕೆಳಗಿಡೋ,” ಎಂದರು ಬೈರಣ್ಣ.

“ಒದ್ದೆ ಇದೆಯಪ್ಪಾ ಇಲ್ಲೆಲ್ಲಾ.”

ಅವನು ಬ್ಯಾಗು ಅಲುಗದಂತೆ ನಿಧಾನವಾಗಿ ಬಗ್ಗಿ, ಎಡಗೈಯಲ್ಲಿ ಒಂದು ಹಿಡಿ ಮಣ್ಣು ಬಾಚಿ, ದೊಡ್ಡಪ್ಪನ ಮೇಲೆ ಎಸೆದ.