ಕೊನೆಯ ಜೆಟ್ಟಿನ ಮುದ್ರೆ

ಮೂರನೆಯ ಡ್ರಾಯರನ್ನೂ ತಮ್ಮ ನೆಲಕ್ಕೆ ಸುರುವಿದ. ಕನ್ನಡಕ, ಗುಂಡಿಗಳು, ಹಳೆಯ ಟಾರ್ಚು. ಅಪ್ಪನ ಮುದ್ರೆ ಮಾತ್ರ ಇರಲಿಲ್ಲ. ಅದು ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಷ್ಟಿಯಲ್ಲಿತ್ತು.

“ಅಪ್ಪನ್ನ ಇನ್ನೂ ಎತ್ತಿಲ್ಲ ಕಣೋ.”

“ಬದುಕಿದ್ದಾಗ ಕೇಳಿದ್ರೆ ಕೊಟ್ರಾ? ನನ್ನನ್ನೂ ಸೇರಿಸಿ ಕಾರ್ಖಾನೆಯ ನಾನೂರು ಜನರ ಅನ್ನಕ್ಕೆ ಕಲ್ಲು ಹಾಕಿ ಹಾಯಾಗಿ ಮಲಗಿದಾರೆ ನೋಡು.”

ನಡುಮನೆಯಲ್ಲಿ ಮಲಗಿದ್ದವರು ಇಪ್ಪತ್ತೇಳು ವರ್ಷ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಟರ್ ಆಗಿದ್ದರು. ಅವರ 417ನೇ ನಂಬರಿನ ಮುದ್ರೆ ಬೀಳದೆ ಐವತ್ತು ಸೀಟಿನ ಒಂದು ಜೆಟ್ಟೂ ಹೊರಗೆ ಹೋದದ್ದಿಲ್ಲ. ಕೆಲಸಗಾರರು ಅವರಿಗಿಟ್ಟ ಹೆಸರು ‘ಅಡ್ಡಗಾಲು’.

“ಅಡ್ಡಗಾಲು ಇವತ್ತು ನೆಟ್ಟಗೆ ಚಾಚಿಕೊಂಡಿದೆ,” ಎಂದ, ಶವದ ಬಳಿ ನಿಂತಿದ್ದ ಒಬ್ಬ ಕೆಲಸಗಾರ. ಯಾರೋ ಕೆಮ್ಮಿನಲ್ಲಿ ನಗೆ ನುಂಗಿದರು.

*

ಆ ಮಾದರಿಗೆ ಬೇಡಿಕೆ ಬತ್ತಿಹೋಗಿತ್ತು. ಉಳಿದದ್ದು ಒಂದೇ ವಿಮಾನ. ಅದು ಹೊತ್ತಿಗೆ ಸರಿಯಾಗಿ ಕೈಸೇರಿದರೆ ಇನ್ನೂ ಆರು ಕೊಳ್ಳುವುದಾಗಿ ಗಿರಾಕಿ ಹೇಳಿದ್ದ. ಅಪ್ಪ ಟಾರ್ಚು ಹಿಡಿದು ಅದರ ಬಾಗಿಲ ಚೌಕಟ್ಟಿನೊಳಗೆ ತಲೆ ತೂರಿಸಿದರು. ಅಲ್ಲೊಂದು ಬಿರುಕಿತ್ತು. ಮುದ್ರೆ ಬೀಳಲಿಲ್ಲ. ವಾರದೊಳಗೆ ಉತ್ಪಾದನೆ ನಿಲ್ಲಿಸುವ ನೋಟೀಸು ಗೇಟಿಗೆ ಅಂಟಿತು.

“ಉಗುರುದ್ದದ ಬಿರುಕಿಗೆ ಇಷ್ಟು ಹಟವಾ ಅಪ್ಪಾ?” ಎಂದು ಮಗಳೂ ಕೇಳಿದ್ದಳು.

“ಆ ಬಾಗಿಲ ಪಕ್ಕ ನೀನು ಕೂರ್ತೀಯಾ?”



*

ಕಾರ್ಖಾನೆಯ ಮ್ಯಾನೇಜರು ಹೂಗುಚ್ಛದ ಅಡಿಯಲ್ಲಿ ಆ ವಿಮಾನದ ಕಡತ ಹಿಡಿದು ಬಂದಿದ್ದ.

“ಮುದ್ರೆ ಕಂಪನಿಯದಮ್ಮ. ಹೊಸ ಇನ್‌ಸ್ಪೆಕ್ಟರ್ ಬಂದ್ರೆ ಮತ್ತೆ ಮೊದಲಿಂದ ನೋಡ್ತಾರೆ. ಹೋದ ವಾರದ ತಾರೀಖು ಹಾಕಿ ಒತ್ತಿದ್ರಾಯ್ತು. ತೀರಿಹೋದವರನ್ನ ಯಾರು ಕೇಳ್ತಾರೆ?”

“ಬಿರುಕು?”

“ಬಣ್ಣ ಬಳಿದಿದ್ದೀವಿ.”

ತಮ್ಮ ಹತ್ತಿರ ಬಂದ. “ಅಕ್ಕಾ, ಕೊಟ್ಟುಬಿಡು. ನನ್ನ ಮಕ್ಕಳ ಮುಖ ನೋಡು.”

“ಆ ಬಾಗಿಲ ಪಕ್ಕ ಅವರನ್ನ ಕೂರಿಸ್ತೀಯಾ?”

ತಮ್ಮ ಗೋಡೆಯತ್ತ ನೋಡಿದ. “ನಾಳೆಯಿಂದ ನೀನು ನನಗೆ ಅಕ್ಕ ಅಲ್ಲ,” ಎಂದ.

ಅವಳು ಅಪ್ಪನ ಮೇಲೆ ಬಾಗಿದಳು. ಕಾಲರು ಸರಿಪಡಿಸಿ, ಎದೆಯ ಜೇಬನ್ನು ನೇವರಿಸಿ, ಅದರ ಗುಂಡಿ ಹಾಕಿದಳು. ಮತ್ತೆ ಮುಷ್ಟಿ ಬಿಗಿದು ಗಾಡಿ ಹತ್ತಿದಳು. ಚಿತಾಗಾರದವರೆಗೂ ಮ್ಯಾನೇಜರು ಆ ಮುಷ್ಟಿಯ ಮೇಲಿಂದ ಕಣ್ಣು ಕೀಳಲಿಲ್ಲ.

ಉಕ್ಕಿನ ಬಾಗಿಲು ಮುಚ್ಚಿತು. ಒಳಗೆ ಬೆಂಕಿ ಭೋರ್ಗರೆಯಿತು.

“ಈಗಲಾದ್ರೂ ಕೊಡಿ,” ಎಂದು ಮ್ಯಾನೇಜರು ಕೈ ಚಾಚಿದ.

ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆವರಿಗೆ ಕದಡಿದ ಕೆಂಪು ಮಸಿಯ ನಡುವೆ, ಬರಿಯ ಅಂಗೈಯಲ್ಲಿ, 417 ಸ್ಪಷ್ಟವಾಗಿ ಒತ್ತಿಕೊಂಡಿತ್ತು.