ಮಿಂಜೂಟರ ಕೆಂಪು ಪೆನ್ಸಿಲ್

ಅಲೋಶಿಯಸ್ ಮಿಂಜೂಟ್ ರಸ್ತೆಯಲ್ಲಿ ನಡೆಯುವಾಗ ಅವರ ಬಲಗೈಯ ಎರಡು ಬೆರಳುಗಳು ಗಾಳಿಯಲ್ಲಿ ಸದಾ ಏನನ್ನೋ ಗೀಚಿಹಾಕುತ್ತಿದ್ದವು. ಹೊಸಬರು ಅದನ್ನು ನರದೌರ್ಬಲ್ಯವೆಂದು ತಿಳಿದು ಮರುಗುತ್ತಿದ್ದರು. ಪಿನಾಂಗ್ ದ್ವೀಪದ ನಮ್ಮ ಇಂಗ್ಲಿಷ್ ದಿನಪತ್ರಿಕೆಯ ಕಚೇರಿಯಲ್ಲಿ ಬರಹ ತಿದ್ದುವುದೇ ಕೆಲಸವಾಗಿದ್ದ ಅವರ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತ ನನಗೆ ಅದರ ನಿಜ ಗೊತ್ತಿತ್ತು: ಅವರು ಅಂಗಡಿಗಳ ಫಲಕಗಳನ್ನು ಓದುತ್ತ, ಅವುಗಳಲ್ಲಿನ ಅನಗತ್ಯ ಪದಗಳನ್ನು ಹೊಡೆದುಹಾಕುತ್ತ ಸಾಗುತ್ತಿದ್ದರು.

ಬೆವರು ಬಸಿಯುವ ಆ ಊರಿನಲ್ಲೂ ಬಿಡದೆ ತೊಡುತ್ತಿದ್ದ ಬೂದುಬಣ್ಣದ ಹತ್ತಿಯ ಕೋಟು, ಅದರ ಎದೆಯ ಜೇಬಿನಲ್ಲಿ ಎರಡೂ ತುದಿ ಚೂಪಾದ ಕೆಂಪು ಪೆನ್ಸಿಲ್, ನೆಲವನ್ನು ಮಿತವಾಗಿ ಬಳಸಬೇಕೆಂಬಂತೆ ಇಡುವ ಸಣ್ಣ ಸಣ್ಣ ಹೆಜ್ಜೆ, ‘ಗುಡ್’ ಅನ್ನು ಕೈಬಿಟ್ಟು ಬರಿಯ ‘ಮಾರ್ನಿಂಗ್’ ಎನ್ನುವ ನಮಸ್ಕಾರ; ಇಷ್ಟರಲ್ಲಿ ಅವರ ಬಾಹ್ಯಸ್ವರೂಪ ಮುಗಿಯಿತು. ಅಂತರಂಗದಲ್ಲಿ ಅವರಿಗೆ ಒಂದೇ ವೈರ. ಇಂಗ್ಲಿಷಿನ ಕ್ರಿಯಾಪದಗಳ ಬೆನ್ನಿಗೆ ಸುಮ್ಮನೆ ಅಂಟಿಕೊಂಡು ಬರುವ ಪುಟ್ಟ ಪದಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ‘ಡಿಸ್ಕಸ್’ ಎಂಬುದರ ಹೊಟ್ಟೆಯಲ್ಲೇ ‘ಬಗ್ಗೆ’ ಇರುವಾಗ ಅದರ ಹಿಂದೆ ಮತ್ತೊಂದು ‘ಅಬೌಟ್’ ಯಾಕೆ ಎಂದು ಕೇಳುತ್ತಿದ್ದರು. ನಮ್ಮೂರಲ್ಲಾದರೋ ಮಂತ್ರಿಯಿಂದ ಮೀನಿನವಳವರೆಗೆ ಆ ‘ಅಬೌಟ್’ ಇಲ್ಲದೆ ಯಾರೂ ಏನನ್ನೂ ಚರ್ಚಿಸಿದವರಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಬರಹವನ್ನು ಮುಂದಿಟ್ಟುಕೊಂಡು, “ಈ ಕ್ರಿಯಾಪದಕ್ಕೆ ಊರುಗೋಲು ಯಾಕಯ್ಯ ಕೊಟ್ಟಿದೀಯಾ? ಅದೇನು ಕುಂಟೇ?” ಅಂದಿದ್ದರು. ಅಂದಿನಿಂದ ನನ್ನ ವಾಕ್ಯಗಳು ತಮ್ಮ ಕಾಲ ಮೇಲೆ ನಿಲ್ಲಲು ಕಲಿತವು, ಆ ಋಣವನ್ನು ನಾನು ಮರೆತಿಲ್ಲ.

ಜಾಹೀರಾತು ಕೌಂಟರಿನ ಹಲೀಮಾ ಮಗಳ ಮದುವೆಯ ಕರೆಯೋಲೆ ಕೊಟ್ಟಾಗ ಮರುದಿನವೇ ಅದನ್ನು ತಿದ್ದಿ ಹಿಂತಿರುಗಿಸಿದರು. ‘ರಿಕ್ವೆಸ್ಟ್’ನ ಬೆನ್ನಿಗಿದ್ದ ‘ಫಾರ್’ ಕೆಂಪು ಗೀಟಿನ ಅಡಿಯಲ್ಲಿ ಮಲಗಿತ್ತು.

“ಅಂಕಲ್, ಕಾರ್ಡೆಲ್ಲಾ ಅಚ್ಚಾಗಿ, ಅರ್ಧ ಹಂಚಿಯೂ ಆಯ್ತು. ಈಗೇನು, ಮದುವೆ ನಿಲ್ಲಿಸ್ಲಾ?”

“ಮದುವೆ ನಡೀಲಮ್ಮ. ಆ ‘ಫಾರ್’ ಒಂದು ಬೇಡ.”

ಮದುವೆಗೆ ಎಲ್ಲರಿಗಿಂತ ಮೊದಲೇ ಬಂದು, ತುಪ್ಪದನ್ನವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಹಲೀಮಾ ವರ್ಷಗಟ್ಟಲೆ ಇದನ್ನು ಹೇಳಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಆ ನಗೆಯೇ ನಮ್ಮನ್ನು ಮೈಮರೆಸಿತೋ ಏನೋ.

ನಮ್ಮ ಪತ್ರಿಕೆಯ ಒಳಪುಟದಲ್ಲಿ ಪುಣ್ಯಸ್ಮರಣೆಯ ಪ್ರಕಟಣೆಗಳು ಬರುತ್ತಿದ್ದವು. ತೀರಿಕೊಂಡವರಿಗೆ ಮನೆಯವರು ವರ್ಷಕ್ಕೊಮ್ಮೆ ಬರೆಯುವ ನಾಲ್ಕು ಸಾಲು, ಮೇಲೊಂದು ಮಸುಕು ಭಾವಚಿತ್ರ. ಬರೆದುಕೊಟ್ಟದ್ದನ್ನು ಇದ್ದ ಹಾಗೆಯೇ ಅಚ್ಚಿಗೆ ಕಳಿಸುವುದು ಕೌಂಟರಿನ ಪದ್ಧತಿ. ಸಂಪಾದಕೀಯದ ಪೆನ್ಸಿಲ್ಲಿಗೆ ಅಲ್ಲಿ ಪ್ರವೇಶವಿರಲಿಲ್ಲ. ಒಂದು ಮಧ್ಯಾಹ್ನ ಅಂಥದೊಂದು ಹಾಳೆ ದಾರಿ ತಪ್ಪಿ ನನ್ನ ಮೇಜಿಗೆ ಬಂತು. ಅದನ್ನು ಕೆಳಗೆ ಕೌಂಟರಿಗೆ ಕಳಿಸಬೇಕಾಗಿದ್ದ ನಾನು, ತಮಾಷೆಗೆಂದು, ಮಿಂಜೂಟರ ಕೈಗಿಟ್ಟೆ.

ಬರೆದವಳು ಖೂ ಗೇಕ್ ಸ್ಯೂ, ಮಾರುಕಟ್ಟೆಯ ಬಾಗಿಲಲ್ಲಿ ಹಬೆಯಲ್ಲಿ ಬೇಯಿಸಿದ ಅಕ್ಕಿತಿಂಡಿ ಮಾರುವ ವಿಧವೆ. ಫೆರಿ ಹಡಗನ್ನು ದಡಕ್ಕೆ ಕಟ್ಟಲು ಹಗ್ಗ ಎಸೆಯುವ ಕೆಲಸದಲ್ಲಿದ್ದ ಗಂಡನಿಗೆ ಬರೆದಿದ್ದಳು: ಹದಿಮೂರು ವರ್ಷವಾಯಿತು, ಈಗಲೂ ಎಲ್ಲದರ ಬಗ್ಗೆ ನಿಮ್ಮೊಡನೆ ಚರ್ಚಿಸುತ್ತೇನೆ, ನಿಮಗಾಗಿ ಕಾಯುತ್ತಿದ್ದೇನೆ. ಹೀಗೆ ನಾಲ್ಕು ಸಾಲು, ಇಂಗ್ಲಿಷಿನಲ್ಲಿ ‘ಡಿಸ್ಕಸ್’ಗೆ ‘ಅಬೌಟ್’, ‘ಅವೈಟ್’ಗೆ ‘ಫಾರ್’ ಎಂದು ಪ್ರತಿ ಕ್ರಿಯಾಪದಕ್ಕೂ ಒಂದೊಂದು ಊರುಗೋಲು. ಮಿಂಜೂಟ್ ಐದು ಪದ ಹೊಡೆದುಹಾಕಿದರು. ಅರ್ಥ ಎಳ್ಳಷ್ಟೂ ಕದಲಲಿಲ್ಲ. ನಾನು “ಭೇಷ್” ಅಂದೆ. ಇಂದಿಗೂ ಆ ಒಂದು ಮಾತು ನನ್ನನ್ನು ಚುಚ್ಚುತ್ತದೆ.

ಅಚ್ಚಾದ ಮೂರನೆಯ ದಿನ ಆಕೆ ಬಂದಳು. ಕೈಯಲ್ಲಿ ಆ ತುಣುಕು, ಜೊತೆಗೆ ಹಿಂದಿನ ಹನ್ನೆರಡು ವರ್ಷಗಳ ತುಣುಕುಗಳನ್ನು ಅಂಟಿಸಿದ ಒಂದು ನೋಟ್‌ಬುಕ್ಕು. ಹಲೀಮಾ ಮೇಲೆ ಕರೆತಂದಳು.

“ಇದನ್ನ ಬರ್ದೋರು ಯಾರು?”

“ನೀವೇ ಅಲ್ವಾ, ಮ್ಯಾಡಮ್?” ಎಂದರು ಮಿಂಜೂಟ್.

“ನಾನಲ್ಲ. ಇದು ಯಾರೋ ಲಾಯರ್ ಹೆಂಡ್ತಿ ಬರ್ದ ಹಾಗಿದೆ. ನಮ್ಮನೆಯೋರು ದಿನಾ ಈ ಪೇಪರ್ ಓದೋರು. ನಂಗೆ ಇಂಗ್ಲಿಷ್ ಕಲಿಸಿದ್ದೂ ಇದನ್ನೇ ಬೆರಳಿಟ್ಟು ಓದಿಸಿ. ಅದಕ್ಕೇ ನಾನು ಇಲ್ಲಿಗೇ ಬರೀತೀನಿ. ಈ ಸಲ ಪುಟ ತಿರುವಿ, ನಮ್ಮವಳು ಈ ವರ್ಷ ಬರೀಲೇ ಇಲ್ಲ ಅಂದ್ಕೊಂಡಿರ್ತಾರೆ.”

ಒಂದು ಕ್ಷಮೆಯ ಮಾತಿಗೆ ಅಲ್ಲಿ ಬೇಕಾದಷ್ಟು ಜಾಗವಿತ್ತು. ಆದರೆ ಭಾಷೆಯ ವಿಷಯದಲ್ಲಿ ಸುಳ್ಳಾಡಲಾರದ ಆ ಮನುಷ್ಯ, “ತಪ್ಪಿತ್ತು, ಮ್ಯಾಡಮ್. ತಿದ್ದಿದೆ,” ಅಂದುಬಿಟ್ಟರು.

“ತಪ್ಪಾ? ಎಷ್ಟು?”

“ಐದು.”

ಆಕೆ ನೋಟ್‌ಬುಕ್ಕನ್ನು ಮುಂದೆ ತಳ್ಳಿದಳು. “ಇವುಗಳಲ್ಲೂ?”

ಮಿಂಜೂಟ್ ಹಾಳೆ ತಿರುವಿದರು. ಅವರ ಎರಡು ಬೆರಳು ತಾವಾಗಿಯೇ ಅಲುಗಾಡುತ್ತಿದ್ದವು. ಆಕೆ ಮುಖ ನೋಡಲಿಲ್ಲ, ಆ ಬೆರಳುಗಳನ್ನೇ ನೋಡುತ್ತಿದ್ದಳು. “ಹಂಗಾದ್ರೆ ಇಷ್ಟು ವರ್ಷ ಊರೆಲ್ಲಾ ನಗ್ತಿತ್ತು ಅನ್ನಿ,” ಎಂದು ಪುಸ್ತಕ ಮುಚ್ಚಿ ಎದ್ದಳು. ಆಗ ಮಾತ್ರ ಅವರಿಗೆ ಏನಾಯಿತೆಂಬುದು ಹೊಳೆಯಿತು. ಮೆಟ್ಟಿಲವರೆಗೆ ಓಡಿ, “ಯಾರೂ ನಗಲಿಲ್ಲಮ್ಮ! ಮುಂದಿನ ವರ್ಷ ನೀವು ಬರ್ದ ಹಾಗೇ ಬರತ್ತೆ, ನಾನೇ ನಿಂತು ಮಾಡಿಸ್ತೀನಿ,” ಎಂದರು. ಅವರು ಒಂದೇ ಉಸಿರಿಗೆ ಅಷ್ಟು ಪದಗಳನ್ನಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆ ವರ್ಷವೆಲ್ಲ ಅವರು ಪ್ರತಿ ಶನಿವಾರ ಮಾರುಕಟ್ಟೆಗೆ ಹೋಗಿ, ಆಕೆಯ ತಿಂಡಿ ಕೊಂಡು, ನಿಂತೇ ತಿಂದು ಬರುತ್ತಿದ್ದರು. “ಕ್ಷಮೆ ಕೇಳಿದ್ರಾ?” ಎಂದು ನಾನು ಕೆದಕಿದರೆ, “ವಾಕ್ಯ ಇನ್ನೂ ಸರಿಯಾಗಿಲ್ಲ,” ಎನ್ನುತ್ತಿದ್ದರು. ಕ್ಷಮೆಯಲ್ಲೂ ಹೊಡೆದುಹಾಕಬೇಕಾದ ಪದಗಳೇ ಅವರ ಕಣ್ಣಿಗೆ ಬೀಳುತ್ತಿದ್ದವೆಂದು ತೋರುತ್ತದೆ. ನನಗೆ ಸಿಟ್ಟು ಬರುತ್ತಿತ್ತು, ಅಯ್ಯೋ ಪಾಪ ಎಂದೂ ಅನ್ನಿಸುತ್ತಿತ್ತು.

ವರ್ಷ ತಿರುಗಿತು. ಪುಣ್ಯಸ್ಮರಣೆಯ ದಿನಕ್ಕೆ ವಾರ ಮೊದಲೇ ಅವರು ಕೌಂಟರಿನಲ್ಲಿ ಹಲೀಮಾಳ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಗೇಕ್ ಸ್ಯೂ ಬಂದು ಮಡಿಸಿದ ಹಾಳೆಯೊಂದನ್ನು ಚಾಚಿದಳು. ಬೆರಳಚ್ಚು ಮಾಡಿದ ಹಾಳೆ. ಮಿಂಜೂಟ್ ಮೂರು ಸಲ ಓದಿದರು. ಒಂದು ಪದ ಹೆಚ್ಚಿರಲಿಲ್ಲ.

“ಇದು ನೀವು ಬರ್ದಿದ್ದಲ್ಲ.”

“ಪಕ್ಕದ ಮನೆ ಟೀಚರ್ ಬರ್ಕೊಟ್ರು. ಈಗ ಸರಿಯಾಗಿದೆಯಲ್ಲ, ಅಂಕಲ್?”

ಅವರು ಜೇಬಿನಿಂದ ಪೆನ್ಸಿಲ್ ತೆಗೆದರು. ಜೀವಮಾನವಿಡೀ ಅಳಿಸಿದ ಆ ಕೈ, ಸಾಲಿನ ಮೇಲೆ ಒಂದು ‘ಅಬೌಟ್’ ಅನ್ನು ಸೇರಿಸಲು ಹೊರಟಿತು. ಆಕೆ ಹಾಳೆಯ ಮೇಲೆ ತನ್ನ ಅಂಗೈ ಇಟ್ಟಳು.

“ಬೇಡ ಅಂಕಲ್. ಸತ್ತೋರನ್ನ ನಾಲ್ಕು ಜನದ ಮುಂದೆ ನಗೆಪಾಟಲು ಮಾಡೋದು ಬೇಡ.”

ಪ್ರಕಟಣೆ ನಿರ್ದುಷ್ಟವಾಗಿ ಅಚ್ಚಾಯಿತು. ಮರುವರ್ಷ ಆಕೆ ಬರಲಿಲ್ಲ, ಆಮೇಲೂ ಬರಲಿಲ್ಲ. ಮಾರುಕಟ್ಟೆಯಲ್ಲಿ ಹಲೀಮಾ ಕೇಳಿದ್ದಕ್ಕೆ, “ಟೀಚರ್ ಮಾತು ಹಾಕ್ಸಿ ಏನ್ ಮಾಡ್ಲಿ? ನಮ್ಮನೆಯೋರಿಗೆ ಹೇಳೋದು ನಂಗೆ ಇಂಗ್ಲಿಷಲ್ಲಿ ಬರಲ್ವಂತೆ,” ಅಂದಳಂತೆ. ಇದನ್ನು ಕೇಳಿದ ಮಿಂಜೂಟ್ ಮುಂದಿದ್ದ ವರದಿಯನ್ನು ಓದದೆಯೇ ಅಚ್ಚಿಗೆ ಕಳಿಸಿದರು. ಆ ತಿಂಗಳ ಕೊನೆಗೆ ನಿವೃತ್ತಿ ಕೇಳಿಕೊಂಡರು.

ಭಾಷೆಯನ್ನು ಶುಚಿಯಾಗಿಡಲು ಹುಟ್ಟಿದವರ ಒಂದು ಕುಲವಿದೆ, ನಾನೂ ಅದರವನೇ. ಇವರು ಕೆಟ್ಟವರಲ್ಲ, ತಮ್ಮ ಸೇವೆಗೆ ಪ್ರತಿಫಲವನ್ನೂ ಬಯಸುವವರಲ್ಲ, ಇವರಿಲ್ಲದಿದ್ದರೆ ಅಚ್ಚಿನ ಪುಟ ಕಸದ ರಾಶಿಯಾದೀತು. ಒಂದು ಪದ ಹೆಚ್ಚಾಯಿತೆಂದು ಕಂಡುಹಿಡಿಯುವ ವಿದ್ಯೆ ಇವರಿಗೆ ಎಳವೆಯಲ್ಲೇ ಒಲಿದುಬಿಡುತ್ತದೆ. ಅದು ಯಾರಿಗೆ ಹೆಚ್ಚಾಯಿತು ಎಂದು ಕೇಳುವ ವ್ಯವಧಾನ ಮಾತ್ರ ಬರುವುದು, ಉತ್ತರ ಹೇಳಬೇಕಾದವರು ಬರೆಯುವುದನ್ನೇ ಬಿಟ್ಟ ಮೇಲೆ.