ವಾಲ್ವ್ ಇಲ್ಲದ ಬಾಯ್ಲರ್

ಮೆರ್ವಿ ಇಬ್ಬರಿಗೂ ಹೂಂ ಅಂದಿದ್ದಳು. ಅನಾಹುತ ಶುರುವಾದದ್ದೇ ಅಲ್ಲಿಂದ.

ಸಾವೊ ಸೀಮೆಯ ಸರೋವರದ ದಡದಲ್ಲಿ ಅವಳೂ ಗಂಡ ಇಲ್ಪೊನೂ ಕೊಂಡಿದ್ದ ಮರದ ಮನೆಗೆ ಇದ್ದದ್ದು ಒಂದೇ ಕೋಣೆ. ಅಂಗಳದಾಚೆ ಹಲಗೆಯ ಬಚ್ಚಲು. ಕರೆಂಟಿಲ್ಲ. ಹಿಂದಿನವರು ಬಿಟ್ಟುಹೋದ ಹಂಡೆಗೆ ಸರೋವರದಿಂದ ನೀರು ಹೊತ್ತು ಸುರಿಯಬೇಕು, ಕಾದ ಮೇಲೆ ಮತ್ತೆ ಮೊಗೆದು ಎತ್ತಬೇಕು. ಬೆರಳ ಗಂಟುಗಳೆಲ್ಲ ಬಾತುಕೊಂಡಿದ್ದ ಮೆರ್ವಿಯ ಕೈಗೆ ಅದು ಆಗುವ ಕೆಲಸವಾಗಿರಲಿಲ್ಲ.

"ಸರೋವರಕ್ಕೆ ಬ್ಯಾಟರಿ ಪಂಪಿಟ್ಟು ಗ್ಯಾಸ್ ಗೀಸರ್ ಹಾಕಿಸೋಣ. ನಲ್ಲಿ ತಿರುಗಿಸಿದ್ರೆ ಬಿಸಿನೀರು," ಅಂದ ಇಲ್ಪೊ. ಬಸ್ ಓಡಿಸುವವನು, ಮಾತು ಕಡಿಮೆ. ಅವಳು ಹೂಂ ಅಂದಳು.

ಅವಳ ತಮ್ಮ ಯಾರ್ಮೊ ಹಡಗುಕಟ್ಟೆಯಲ್ಲಿ ವೆಲ್ಡರ್. "ಅಕ್ಕಾ, ನಾನಿರುವಾಗ ಅಂಗಡಿ ಡಬ್ಬ ಯಾಕೆ? ಸೌದೆ ಬಾಯ್ಲರ್ ನಾನೇ ಮಾಡ್ಕೊಡ್ತೀನಿ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ," ಅಂದ. ಅದಕ್ಕೂ ಹೂಂ ಅಂದಳು. ಮಾತಿಗೆ ಮುಂಚೆ ಕೈ ಎತ್ತುವ ಅಪ್ಪನ ಮನೆಯಲ್ಲಿ ಬೆಳೆದವಳು. ಎದುರಿಗೆ ನಿಂತವರಿಗೆ ಹೂಂ ಅಂದುಬಿಟ್ಟರೆ ಆ ಹೊತ್ತು ಕಳೆಯುತ್ತದೆ ಎಂದು ಚಿಕ್ಕಂದಿನಲ್ಲೇ ಕಲಿತಿದ್ದಳು.

ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಬೆಳಿಗ್ಗೆ ಇಲ್ಪೊ ಕಾರಿನಿಂದ ಗೀಸರಿನ ಪೆಟ್ಟಿಗೆ ಇಳಿಸುತ್ತಿದ್ದಾಗ ಯಾರ್ಮೊನ ಗಾಡಿ ಬಂತು. ಹಿಂದೆ ಕಟ್ಟಿದ ಟ್ರೇಲರಿನಲ್ಲಿ ದಪ್ಪ ಉಕ್ಕಿನ ಪೀಪಾಯಿ, ಬುಡಕ್ಕೊಂದು ನಲ್ಲಿ ಬೆಸೆದದ್ದು. ಯಾರ್ಮೊ ಪೆಟ್ಟಿಗೆಯನ್ನು ನೋಡಿದ, ಅಕ್ಕನನ್ನು ನೋಡಿದ. ಮೆರ್ವಿ ಆಲೂಗಡ್ಡೆ ತೊಳೆಯುತ್ತಾ ತಲೆ ಎತ್ತಲಿಲ್ಲ.

ಯಾರ್ಮೊ ಪೀಪಾಯಿಯನ್ನು ಬಚ್ಚಲಿಗೆ ಉರುಳಿಸಿಕೊಂಡು ಹೋದ. ಹಂಡೆಯನ್ನು ಕಿತ್ತೆಸೆದು ಒಲೆಯ ಮೇಲೆ ಅದನ್ನು ಕೂರಿಸಿದ, ನೀರು ತುಂಬಿ ಬಾಯಿ ಬಿಗಿದ, ಬರ್ಚ್ ಸೌದೆ ಒಟ್ಟಿ ಬೆಂಕಿ ಹಾಕಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ಒಂದರ ಹಿಂದೊಂದು ಬಿಯರ್ ಕುಡಿದ.

"ಏನ್ ಭಾವ, ಮೈ ತೊಳ್ಕೊಳ್ಳೋ ನೀರಿಗೂ ಅಂಗಡಿಗೆ ಹೋಗ್ತೀರಾ? ಸಾಬೂನು ಹಚ್ಚೋಕೂ ಯಾರಾದ್ರೂ ಬರ್ತಾರಾ?"

ಇಲ್ಪೊ ಬಚ್ಚಲಿಗೆ ಹೋಗಿ ಪೀಪಾಯಿಯ ಸುತ್ತ ಕಣ್ಣಾಡಿಸಿದ. ಓಡಿ ಹೊರಬಂದ.

"ಸೇಫ್ಟಿ ವಾಲ್ವ್ ಎಲ್ಲಿ?"

"ನನ್ನ ಬೆಸುಗೆ ಒಡೆಯಲ್ಲ."

"ಹಬೆ ಹೋಗೋಕೆ ದಾರಿ ಇಲ್ವಲ್ಲೋ! ಬೆಂಕಿ ಎಳೀತೀನಿ." ಇಲ್ಪೊ ಸಲಿಕೆಗೆ ಕೈ ಹಾಕಿದ.

ಯಾರ್ಮೊ ಎದ್ದ. ಸೌದೆ ದಿಮ್ಮಿಯಲ್ಲಿ ಸಿಕ್ಕಿಸಿದ್ದ ಕೊಡಲಿ ಕಿತ್ತುಕೊಂಡು ನೇರ ಹೋಗಿ ಗೀಸರಿನ ಪೆಟ್ಟಿಗೆಯ ಮೇಲೆ ಬೀಸಿದ. ರಟ್ಟು ಸೀಳಿತು, ತಗಡು ಮುದುಡಿತು, ತಾಮ್ರದ ಕೊಳವೆಗಳು ಕರುಳಿನಂತೆ ಹೊರಬಿದ್ದವು. "ತಗೋ ನಿನ್ನ ಅಂಗಡಿ! ತಗೋ!"

ಇಲ್ಪೊ ಸಲಿಕೆ ಬಿಸಾಡಿ ಅವನ ಮೂಗಿಗೇ ಗುದ್ದಿದ. ಮೂಳೆ ಲಟಕ್ಕೆಂದದ್ದು ಮೆರ್ವಿಗೂ ಕೇಳಿಸಿತು. ಕೊಡಲಿ ಕೈಜಾರಿತು. ರಕ್ತ ಬಾಯಿಗೆ ಇಳಿಯುತ್ತಿದ್ದಂತೆಯೇ ಯಾರ್ಮೊ ಭಾವನ ಕತ್ತುಪಟ್ಟಿ ಹಿಡಿದು ಹುಲ್ಲಿನ ಮೇಲೆ ದರದರ ಎಳೆದುಕೊಂಡು ಹೋಗಿ, ದೋಣಿ ಕಟ್ಟಿಹಾಕುವ ಅಟ್ಟಣೆಯ ಅಂಚಿನಲ್ಲಿ ಕವುಚಿ ಕೆಡವಿ, ತಲೆಯನ್ನು ನೀರಿಗೆ ಅದುಮಿದ.

"ಬಿಡೋ! ಯಾರ್ಮೊ, ಬಿಡೋ ಅವನನ್ನ!" ಮೆರ್ವಿ ಕಿರುಚುತ್ತಾ ಓಡಿದಳು.

"ನೀನು ಹೂಂ ಅಂದಿದ್ದೆ ನಂಗೆ!" ಅವನು ತಿರುಗಿಯೂ ನೋಡದೆ ಗರ್ಜಿಸಿದ. ಅವನ ಕೈ ಕೆಳಗೆ ಇಲ್ಪೊನ ಕಾಲುಗಳು ಹಲಗೆಗೆ ಬಡಿಯುತ್ತಿದ್ದವು. ಆಮೇಲೆ ಬಡಿತ ನಿಧಾನವಾಯಿತು.

ದೋಣಿಯಲ್ಲಿದ್ದ ಹುಟ್ಟನ್ನು ಮೆರ್ವಿ ಎತ್ತಿಕೊಂಡಳು. ಬಕೆಟ್ ಎತ್ತಲಾಗದ ಬೆರಳುಗಳು ಅದನ್ನು ಹೇಗೆ ಹಿಡಿದವೋ ಅವಳಿಗೇ ಗೊತ್ತಿಲ್ಲ. ಮೊದಲ ಏಟು ಹೆಗಲಿಗೆ ಬಿತ್ತು. ಯಾರ್ಮೊ ಕೈ ಬಿಟ್ಟು ಒಂದು ಮಗ್ಗುಲಿಗೆ ಕುಸಿದ. ಎರಡನೆಯದು ಬೇಕಿರಲಿಲ್ಲ. ಆದರೂ ಹೊಡೆದಳು. ಹುಬ್ಬು ಸೀಳಿತು.

ಇಲ್ಪೊ ತಲೆ ಎತ್ತಿ ನೀರು ಕಾರಿದ. ಮೆರ್ವಿ ಅವನ ಪಕ್ಕ ಮಂಡಿಯೂರಿದಳು. ಆಗ ಬಚ್ಚಲಿನಿಂದ ಸದ್ದು ಬರತೊಡಗಿತು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ.

ಯಾರ್ಮೊ ಕಿವಿಗೊಟ್ಟ. ಓಲಾಡುತ್ತ ಎದ್ದು ನಿಂತ. "ನಲ್ಲಿ... ನಲ್ಲಿ ಬಿಡ್ತೀನಿ."

"ಹೋಗ್ಬೇಡ!" ಇಲ್ಪೊ ಮಲಗಿದಲ್ಲಿಂದಲೇ ಅವನ ಕಾಲು ಹಿಡಿದ. ಯಾರ್ಮೊ ಬೂಟಿನಿಂದ ಅವನ ಕಿವಿಗೆ ಒದ್ದ. ಮತ್ತೊಮ್ಮೆ ಒದ್ದ. ಇಲ್ಪೊ ಹಿಡಿತ ಬಿಡಲಿಲ್ಲ.

ಅಷ್ಟರಲ್ಲಿ ಬಾಯ್ಲರ್ ಸಿಡಿಯಿತು.

ಬಚ್ಚಲಿನ ಸರೋವರದ ಕಡೆಯ ಗೋಡೆ ಇಡಿಯಾಗಿ ಹಾರಿತು. ನಿಂತಿದ್ದ ಯಾರ್ಮೊನ ಎದೆಗೆ ಹಲಗೆಯೊಂದು ಅಪ್ಪಳಿಸಿತು. ಅದರ ಹಿಂದೆಯೇ ಬಿಳಿ ಹಬೆ, ಕುದಿವ ನೀರು. ಅವನು ಮುಖ ಮುಚ್ಚಿಕೊಂಡು ಅರಚಿದ. ಅಂಥ ದನಿಯನ್ನು ಮೆರ್ವಿ ಅಪ್ಪನ ಕಾಲದಲ್ಲೂ ಕೇಳಿರಲಿಲ್ಲ. ಗಂಡಹೆಂಡಿರಿಬ್ಬರೂ ಸೇರಿ ಅವನನ್ನು ಸರೋವರದ ತಣ್ಣೀರಿಗೆ ಎಳೆದು, ಆಂಬ್ಯುಲೆನ್ಸ್ ಬರುವವರೆಗೂ ಕತ್ತಿನ ತನಕ ಮುಳುಗಿಸಿ ಹಿಡಿದುಕೊಂಡರು. ಅವನು ನಡುಗುತ್ತಾ ಇಲ್ಪೊನ ತೋಳನ್ನು ಕಚ್ಚಿ ಹಿಡಿದಿದ್ದ.

ಪೊಲೀಸರು ಕೇಳಿದಾಗ ಮೆರ್ವಿ ಎಲ್ಲವನ್ನೂ ಹೇಳಿದಳು, ಎರಡನೆಯ ಏಟನ್ನೂ. ಇಲ್ಪೊನ ಎಡಗಿವಿ ಕಿವುಡಾಯಿತು. ಬೂಟಿನಿಂದಲೋ ಸ್ಫೋಟದಿಂದಲೋ ಹೇಳುವುದು ಕಷ್ಟ ಅಂದರು ಡಾಕ್ಟರು.

ಆಗಸ್ಟಿನಲ್ಲಿ ಅವಳು ಒಬ್ಬಳೇ ಅಂಗಡಿಗೆ ಹೋದಳು. ಹೊರಗೋಡೆಗೆ ಹಾಕುವ, ಹೊಗೆ ಹೊರಗೇ ಹೋಗುವ ಸಣ್ಣ ಗ್ಯಾಸ್ ಗೀಸರ್ ಆರಿಸಿ, ಬಚ್ಚಲು ದುರಸ್ತಿಯಾದ ಮೇಲೆ ಲೈಸೆನ್ಸ್ ಇದ್ದವನಿಂದಲೇ ಹಾಕಿಸಿದಳು.

"ನಿನ್ನಿಷ್ಟ," ಅಂದಿದ್ದ ಇಲ್ಪೊ.

"ಹೌದು, ನನ್ನಿಷ್ಟವೇ," ಅಂದಿದ್ದಳು.

ಎಲೆ ಉದುರುವ ಹೊತ್ತಿಗೆ ಒಂದು ಮಧ್ಯಾಹ್ನ ಯಾರ್ಮೊ ಬಂದ. ಕೆನ್ನೆಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿದಿತ್ತು. ಗೇಟಿನಾಚೆಯೇ ನಿಂತ.

"ಬಿಸಿನೀರು ಬರುತ್ತಾ ಅಕ್ಕಾ?"

"ಬರುತ್ತೆ."

"ಭಾವ ಇದಾರಾ?"

"ಇದಾನೆ. ಬಲಗಡೆ ನಿಂತು ಮಾತಾಡು, ಕೇಳಿಸುತ್ತೆ. ನಾನಂತೂ ಕ್ಷಮೆ ಕೇಳಲ್ಲ, ಯಾರ್ಮೊ."

"ನಾನು ಕೇಳೋಕೆ ಬಂದೆ," ಅಂದ ಅವನು. ಆದರೆ ಕಾಲು ಮುಂದಕ್ಕೆ ಬರಲಿಲ್ಲ. ಮೆರ್ವಿ ಗೇಟಿನ ಚಿಲಕ ತೆಗೆದು, ಒಳಗೆ ಬಾ ಅಂತಲೂ ಅನ್ನದೆ, ಹೋಗು ಅಂತಲೂ ಅನ್ನದೆ, ಇಲ್ಪೊನನ್ನು ಕರೆಯಲು ಮನೆಯ ಕಡೆ ನಡೆದಳು.